ಪೊರಕೆಯ ಗೀರು

ಉದ್ಯಾನದ ಓಣಿಯ ಎರಡನೇ ದೀಪದ ಕಂಬದ ಹತ್ತಿರ ಪೊರಕೆ ನಿಂತುಬಿಟ್ಟಿತು. ಕಂಬದ ಬುಡದಲ್ಲಿ ಏಳು ಬಿಳಿ ಹರಳುಕಲ್ಲುಗಳಿದ್ದವು. ಐದು ಒಂದೇ ಸಾಲಿನಲ್ಲಿ, ಇನ್ನೆರಡು ಒಂದು ತುದಿಯ ಅಕ್ಕಪಕ್ಕದಲ್ಲಿ, ಥೇಟ್ ಬಾಣದ ಹಾಗೆ.

"ಇದೇನಪ್ಪ ಇದು, ಇಲ್ಲೂ ಇದೆ," ಎಂದುಕೊಂಡಳು ಗುಡಿಸುತ್ತಿದ್ದವಳು.

ಜೊತೆಯಲ್ಲಿ ಕೆಲಸ ಮಾಡುವ ಹೆಂಗಸರು ಅವಳಿಗೆ ಪತ್ತೇದಾರಮ್ಮ ಎಂದು ಹೆಸರಿಟ್ಟಿದ್ದರು. ಹದಿನಾರು ವರ್ಷದಿಂದ ಬೀದಿ ಗುಡಿಸುತ್ತಿದ್ದವಳು ಕಸವನ್ನು ಬೇರೆಯವರು ಪೇಪರ್ ಓದುವ ಹಾಗೆ ಓದುತ್ತಿದ್ದಳು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾವ ಅಂಗಡಿಯವನು ಬೀಡಿ ಬಿಟ್ಟೆನೆಂದು ಹೆಂಡತಿಗೆ ಸುಳ್ಳು ಹೇಳುತ್ತಿದ್ದಾನೆ, ಯಾವ ಮನೆಯ ಹುಡುಗ ಅಂಕಪಟ್ಟಿಯನ್ನು ಹರಿದು ಚರಂಡಿಗೆ ಹಾಕಿದ್ದಾನೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಊರ ಉಸಾಬರಿ ನಮಗ್ಯಾಕೆ ಎನ್ನುತ್ತಿದ್ದಳು, ಆದರೆ ನೋಡುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಈ ಕಲ್ಲುಗಳು ಈ ಬೀದಿಯವಲ್ಲ ಎಂಬುದು ಅವಳಿಗೆ ಮೊದಲ ನೋಟಕ್ಕೇ ತಿಳಿದಿತ್ತು. ಬೀದಿಯ ಕಲ್ಲಿಗೆ ಮೂಲೆ ಇರುತ್ತದೆ, ಟಾರಿನ ಕಲೆ ಇರುತ್ತದೆ. ಇವು ನುಣ್ಣಗೆ, ಒಂದೇ ಗಾತ್ರಕ್ಕೆ, ಯಾರೋ ಆರಿಸಿ ತೊಳೆದಂತಿದ್ದವು. ಅರ್ಧ ಗಂಟೆಯ ಹಿಂದೆ ಶಾಲೆಯ ಗೇಟಿನ ಬಳಿ ಇಂಥವೇ ಒಂದು ಹಿಡಿ ಸಿಕ್ಕಿದ್ದವು. ಬಾಗಿಲು ಹಾಕಿದ ಚಪ್ಪಲಿ ಅಂಗಡಿಯ ಮುಂದೆ ಮತ್ತೊಂದು ಹಿಡಿ, ಅಂಚೆ ಡಬ್ಬಿಯ ಕೆಳಗೆ ಇನ್ನೊಂದು. ಬೇಕರಿ ಓಣಿಯ ಬಾಯಲ್ಲಿ ಎರಡು ಕಡ್ಡಿ ಒಂದರ ಮೇಲೊಂದು ಅಡ್ಡಲಾಗಿ ಬಿದ್ದಿದ್ದವು. ಎಲ್ಲವನ್ನೂ ಗುಡಿಸಿ ತಳ್ಳುಗಾಡಿಗೆ ತುಂಬಿದ್ದಾಗಿತ್ತು. ನೆನಪಿಸಿಕೊಂಡರೆ ಹೋದ ಶನಿವಾರವೂ ಅಲ್ಲಲ್ಲೇ ಇದ್ದವು. ಅದರ ಹಿಂದಿನ ಶನಿವಾರವೂ.

ಈ ಬೀದಿ ಅವಳದಲ್ಲ. ಇಲ್ಲಿ ಗುಡಿಸುತ್ತಿದ್ದವಳು ಹೆರಿಗೆಗೆ ಹೋದದ್ದರಿಂದ ಮೂರು ವಾರದಿಂದ ಶನಿವಾರದ ಮಧ್ಯಾಹ್ನ ಇವಳ ಪಾಲಿಗೆ ಬಂದಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಮಗಳು ಯಾಕೆ ಒಪ್ಪಿಕೊಂಡೆ, ಕೈ ನೋಯಲ್ವಾ ಎಂದು ಶುರುಮಾಡುತ್ತಾಳೆ. ಹಾಗೆ ನೋಡಿದರೆ ಬಲಭುಜ ಒಂದು ತಿಂಗಳಿಂದ ನೋಯುತ್ತಲೇ ಇತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ. ಭುಜ ಕೆಟ್ಟಿದೆ ಎಂದು ಮೇಸ್ತ್ರಿಯ ಕಿವಿಗೆ ಬಿದ್ದರೆ ಕೂತು ಮಾಡುವ ಕೆಲಸಕ್ಕೇನೂ ಹಾಕುವುದಿಲ್ಲ, ಮನೆಗೇ ಕಳಿಸುತ್ತಾನೆ ಎಂಬ ಭಯ. ಹಿಂದಿನ ಎರಡು ವಾರ ಹಲ್ಲು ಕಚ್ಚಿ ಮೂರೂವರೆಗೆಲ್ಲ ಮುಗಿಸಿದ್ದಳು. ಇವತ್ತು ಕೈ ಏಳುತ್ತಿರಲಿಲ್ಲ, ಅರ್ಧ ಬೀದಿಯಲ್ಲೇ ಮೂರೂವರೆ ಆಗಿತ್ತು.

ಬಾಣ ಓಣಿಯ ಒಳಗಡೆಗೆ ತೋರಿಸುತ್ತಿತ್ತು. ಮೇಸ್ತ್ರಿ ಐದಕ್ಕೆ ಬಂದು ಬೀದಿ ನೋಡುತ್ತಾನೆ. ಇದೆಲ್ಲ ಬೇಕಿತ್ತಾ ಎಂದು ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಕಾಯದೆ ಪೊರಕೆಯನ್ನು ಗಾಡಿಗೆ ಒರಗಿಸಿ ಹೊರಟಳು.

ಇಪ್ಪತ್ತು ಹೆಜ್ಜೆಯಾಚೆ ಉದ್ಯಾನದ ಬೇಲಿಯಲ್ಲಿ ಒಂದು ಹಿಡಿ ಹುಲ್ಲನ್ನು ಗಂಟು ಹಾಕಿ ಬಲಕ್ಕೆ ಬಾಗಿಸಿದ್ದರು. ಬಲಕ್ಕೆ ತಿರುಗಿದಳು. ನಲ್ಲಿಯ ಕಟ್ಟೆಯ ಮೇಲೆ ಮತ್ತೆ ಬಾಣ. ಕೊನೆಗೆ ಒಂದು ಹಳೆಯ ಸಭಾಂಗಣದ ಮೆಟ್ಟಿಲ ಮುಂದೆ ಬಿಳಿ ಕಲ್ಲುಗಳ ದುಂಡನೆಯ ಬಳೆ, ನಡುವೆ ಒಂದೇ ಒಂದು ಕಲ್ಲು. ಮುಂದಕ್ಕೆ ಏನೂ ಇರಲಿಲ್ಲ. ಹಿಂದಿನ ಎರಡು ವಾರವೂ ಅವಳು ಗುಡಿಸುವ ಹೊತ್ತಿಗೆ ಬಾಗಿಲು ಹಾಕಿದ್ದ ಆ ಸಭಾಂಗಣ ಇವತ್ತು ತೆರೆದಿತ್ತು. ಒಳಗೆ ಸ್ಕಾರ್ಫ್ ಕಟ್ಟಿದ ಏಳೆಂಟು ಹುಡುಗಿಯರು ಹಗ್ಗ ಸುತ್ತುತ್ತ ಕೂತಿದ್ದರು. ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು, ಕೋಲನ್ನು ಮಂಡಿಗೆ ಒರಗಿಸಿ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಒಬ್ಬ ವಯಸ್ಸಾದ ಹೆಂಗಸು ಗಡಿಯಾರ ನೋಡುತ್ತಿದ್ದಳು.

ಸೀಟಿ ಮೇಡಂ! ಇವಳೇ ಇರಬೇಕು.

ಮಗಳ ಬಾಯಲ್ಲಿ ಎರಡು ತಿಂಗಳಿಂದ ಬೇರೆ ಮಾತೇ ಇರಲಿಲ್ಲ. ಸ್ಕೌಟ್ ದಳ, ಸೀಟಿ ಮೇಡಂ, ಬೇಸಿಗೆಯ ಡೇರೆ. ದಳಕ್ಕೆ ಸೇರಬೇಕಾದರೆ ಒಂದು ಪರೀಕ್ಷೆ ಇದೆ, ಮೂರು ಶನಿವಾರ ನಾಲ್ಕು ಗಂಟೆಗೆ ಅವಕಾಶ, ಏನು ಪರೀಕ್ಷೆ ಎಂದು ಮನೆಯಲ್ಲಿ ಹೇಳುವ ಹಾಗಿಲ್ಲ ಎಂದಿದ್ದಳು. ಮೊದಲ ಶನಿವಾರ ಆಗಲಿಲ್ಲ. ಎರಡನೆಯ ಶನಿವಾರ ಮನೆಗೆ ಬಂದವಳು ಊಟದ ತಟ್ಟೆಯ ಮುಂದೆ ಕೂತು ಒಂದು ತುತ್ತೂ ಮುಟ್ಟಲಿಲ್ಲ.

"ಗುರುತು ಇರ್ಲೇ ಇಲ್ಲ ಅಂದೆ ಅಮ್ಮ. ಮೇಡಂ ನಂಬ್ಲಿಲ್ಲ. ಗುರುತಿಗೇನು ಕಾಲು ಬರುತ್ತಾ, ನೆಪ ಹೇಳ್ಬೇಡ ಅಂದ್ರು. ದಳದವಳ ಮಾತು ಅಂದ್ರೆ ನಂಬೋ ಹಾಗಿರ್ಬೇಕಂತೆ. ಅದೇ ಮೊದಲನೇ ನಿಯಮ."

"ಎಂಥ ಗುರುತೇ?"

"ಹೇಳೋ ಹಾಗಿಲ್ಲ."

ಗುರುತಿಗೆ ಕಾಲು ಬಂದಿರಲಿಲ್ಲ, ಪೊರಕೆ ಬಂದಿತ್ತು. ಊರವರ ಕಸದಲ್ಲೆಲ್ಲ ಗುಟ್ಟು ಹುಡುಕುವ ಪತ್ತೇದಾರಮ್ಮ ಸ್ವಂತ ಮಗಳ ದಾರಿಯನ್ನು ಎರಡು ಸಲ ಗುಡಿಸಿ ಗಾಡಿಗೆ ತುಂಬಿದ್ದಳು! ಹುಡುಗಿ ಸುಳ್ಳಿ ಅನ್ನಿಸಿಕೊಂಡದ್ದು ಇವಳಿಂದ. ಇವತ್ತು ಮೂರನೆಯ ಶನಿವಾರ. ಸಭಾಂಗಣದ ಗಡಿಯಾರದಲ್ಲಿ ನಾಲ್ಕಕ್ಕೆ ಹದಿನೆಂಟು ನಿಮಿಷ ಇತ್ತು.

ಅವಳು ಓಡಿದಳು. ಗಾಡಿಯನ್ನು ಎಳೆದುಕೊಂಡು ಅಂಚೆ ಡಬ್ಬಿಯ ಹತ್ತಿರ ಬಂದು ಕಸದೊಳಗೆ ಎರಡೂ ಕೈ ಹಾಕಿದಳು. ಟೀ ಲೋಟ, ಎಲೆ, ಬಸ್ ಟಿಕೆಟು, ಯಾರದೋ ಮುರಿದ ಬಾಚಣಿಗೆ. ಬಿಳಿ ಕಲ್ಲು ಒಂದೊಂದಾಗಿ ಸಿಕ್ಕಿದವು, ಸೆರಗಲ್ಲಿ ಕಟ್ಟಿಕೊಂಡಳು. ಶಾಲೆಯ ಗೇಟಿನ ಬಳಿ ಏಳು, ಚಪ್ಪಲಿ ಅಂಗಡಿಯ ಮುಂದೆ ಏಳು. ಅಂಚೆ ಡಬ್ಬಿಯ ಹತ್ತಿರ ಬೀದಿ ಎರಡಾಗಿ ಒಡೆಯುತ್ತದೆ, ಎಡಕ್ಕೆ ಉದ್ಯಾನದ ಓಣಿ, ಬಲಕ್ಕೆ ಬೇಕರಿ ಓಣಿ. ಅಲ್ಲಿ ಎಡಕ್ಕೆ ಮೂತಿ ಮಾಡಿ ಏಳು ಇಟ್ಟಳು. ಆ ಎರಡು ಕಡ್ಡಿಗಳೂ ಸಿಕ್ಕಿದವು. ಅವು ಬೇಕರಿ ಓಣಿಯ ಬಾಯಲ್ಲಿದ್ದದ್ದು ನೆನಪಿತ್ತು. ಆದರೆ ದಾರಿ ಹೋಗುವುದು ಉದ್ಯಾನದ ಕಡೆಗಲ್ಲವೇ? ಗಾಳಿಗೆ ಅಲ್ಲಿಗೆ ಹಾರಿರಬೇಕು ಎಂದುಕೊಂಡು, ಮಗಳಿಗೆ ಇನ್ನಷ್ಟು ಸ್ಪಷ್ಟವಾಗಲಿ ಎಂದು ಉದ್ಯಾನದ ಓಣಿಯ ಬಾಯಲ್ಲೇ, ಅಂದವಾಗಿ, ಒಂದರ ಮೇಲೊಂದು ಅಡ್ಡ ಇಟ್ಟಳು. ಹೋಗಬೇಡ ಎಂದು ಅದರ ಅರ್ಥ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಗಾಡಿಯ ಹಿಂದೆ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಶಾಲೆಯ ಗಂಟೆ ನಾಲ್ಕು ಹೊಡೆಯಿತು.

ಮಗಳು ಬಂದಳು. ಕಣ್ಣು ನೆಲದ ಮೇಲೆ, ಕೈ ಬೆನ್ನ ಹಿಂದೆ. ಚಪ್ಪಲಿ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಣ ನೋಡಿದಳು. ಮನೆಯಲ್ಲಿ ಕಣ್ಣೆದುರಿನ ಚಮಚ ಕಾಣದ ಹುಡುಗಿ ಇಲ್ಲಿ ಹೀಗೆ ನಡೆಯುತ್ತಿದ್ದದ್ದನ್ನು ಕಂಡು ತಾಯಿಗೆ ನಗುವೂ ಬಂತು, ಏನೋ ಹೆಮ್ಮೆಯೂ ಆಯಿತು. ಅಂಚೆ ಡಬ್ಬಿಯ ಹತ್ತಿರ ಹುಡುಗಿ ನಿಂತಳು. ಬಾಣ ಎಡಕ್ಕೆ ಬಾ ಎನ್ನುತ್ತಿತ್ತು. ಎಡಗಡೆಯ ಕಡ್ಡಿಗಳು ಬರಬೇಡ ಎನ್ನುತ್ತಿದ್ದವು. ಬೇಕರಿ ಓಣಿಯ ಕಡೆ ನಾಲ್ಕು ಹೆಜ್ಜೆ ಹೋದಳು, ವಾಪಸು ಬಂದಳು.

ಏನೋ ಎಡವಟ್ಟಾಗಿದೆ ಎಂದು ತಾಯಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. "ಎಡಕ್ಕೆ ಹೋಗೇ ಮರೀ," ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಹುಡುಗಿಯ ಮೂರನೆಯ ಶನಿವಾರವೂ ಹೋದಂತೆಯೇ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹುಡುಗಿ ಮತ್ತೆ ಕೂತಳು. ಒಂದು ಕಲ್ಲನ್ನು ಎತ್ತಿ ಅದರ ಅಡಿ ನೋಡಿದಳು. ನೆಲದ ಧೂಳಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ಬೀದಿಯುದ್ದಕ್ಕೂ ನೋಡಿದಳು. ಅವಳ ಕಣ್ಣು ತಳ್ಳುಗಾಡಿಯ ಮೇಲೆ, ಅದಕ್ಕೊರಗಿದ ಪೊರಕೆಯ ಮೇಲೆ, ಗಾಡಿಯ ಕೆಳಗೆ ಕಾಣುತ್ತಿದ್ದ ಎರಡು ಚಪ್ಪಲಿಗಳ ಮೇಲೆ ನಿಂತಿತು.  ಎದ್ದು ಚರಂಡಿಯ ಅಂಚಿಗೆ ಹೋಗಿ, ಬಗ್ಗಿ ಬಗ್ಗಿ ಏನನ್ನೋ ನೋಡುತ್ತ, ಕಡ್ಡಿಗಳನ್ನು ದಾಟಿ ಎಡದ ಓಣಿಗೆ ಹೋದಳು.

ಮಗಳು ಗೆದ್ದಳು ಎಂದು ತಾಯಿ ಸುಮ್ಮನೆ ಕೂರಬಹುದಿತ್ತು. ಮುಕ್ಕಾಲು ಗಂಟೆಯಲ್ಲಿ ಮೇಸ್ತ್ರಿ ಬರುತ್ತಾನೆ, ಉದ್ಯಾನದ ಓಣಿ ಹೆಚ್ಚುಕಡಿಮೆ ಇಡೀ ಬಾಕಿ ಇತ್ತು. ಆದರೆ ನೆಪ ಹೇಳಬೇಡ ಎಂಬ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹಿಂದಿನ ಎರಡು ವಾರದ್ದನ್ನು ಹೇಳಬೇಕಾದವಳು ತಾನೇ. ಪೊರಕೆ ಹಿಡಿದುಕೊಂಡೇ ಹೊರಟಳು.

ಸಭಾಂಗಣದ ಬಾಗಿಲಿಗೆ ಬಂದಾಗ ಮಗಳ ದನಿ ಕೇಳಿಸಿತು.

"ಮೇಡಂ, ಮೊದಲ ಮೂರು ಬಾಣ ನೀವಿಟ್ಟಿದ್ದಲ್ಲ. ಕಡ್ಡೀನೂ ಅಲ್ಲ."

"ಮತ್ಯಾರು ಇಟ್ರು?"

"ನಮ್ಮಮ್ಮ."

ಹಗ್ಗ ಸುತ್ತುತ್ತಿದ್ದ ಹುಡುಗಿಯರ ಕೈ ನಿಂತಿತು. ಸೀಟಿ ಮೇಡಂ ಕೋಲಿನ ಮೇಲೆ ಗಲ್ಲ ಊರಿದಳು. "ಅಮ್ಮನ್ನ ಕೇಳಿದ್ಯಾ?"

"ಇಲ್ಲ. ಮಾತೇ ಆಡ್ಲಿಲ್ಲ. ಕಲ್ಲಿನ ಕೆಳಗೂ ಪೊರಕೆ ಗೀರು ಇತ್ತು ಮೇಡಂ. ಅಂದ್ರೆ ಗುಡಿಸಿದ ಮೇಲೆ ಇಟ್ಟಿದ್ದು. ನೀವು ಎರಡು ಗಂಟೆಗೇ ಇಟ್ಟು ಬಂದಿರ್ತೀರಿ."

"ಗುಡಿಸಿದ್ದು ನಿಮ್ಮಮ್ಮನೇ ಅಂತ ಹೇಗೆ ಹೇಳ್ತೀಯ? ಪೊರಕೆ ಎಲ್ಲರದೂ ಒಂದೇ."

"ಗೀರು ಒಂದೇ ಅಲ್ಲ. ನಮ್ಮಮ್ಮನ ಗೀರು ಈಗ ಎಡಕ್ಕೆ ಓರೆ ಹೋಗುತ್ತೆ, ಗಿಡ್ಡಕ್ಕೆ. ಮೊದ್ಲು ನೇರ ಇರ್ತಿತ್ತು, ಉದ್ದ. ಒಂದು ತಿಂಗಳಿಂದ ಹೀಗೆ. ಬಲಗೈ ಮೇಲಕ್ಕೆ ಬರಲ್ಲ ಅವಳಿಗೆ. ತಲೆ ಬಾಚ್ಕೊಳ್ಳೋವಾಗ ಗೋಡೆ ಕಡೆ ತಿರುಗ್ತಾಳೆ, ನನಗೆ ಕಾಣಬಾರ್ದು ಅಂತ. ನಮ್ಮನೆ ಬಾಗಿಲಲ್ಲಿ ದಿನಾ ನೋಡ್ತೀನಿ ಆ ಗೀರನ್ನ."

ಬಾಗಿಲಲ್ಲಿ ನಿಂತವಳಿಗೆ ಕಣ್ಣು ತುಂಬಿ ಬಂತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಒಂದು ತಿಂಗಳು ಗೋಡೆಗೆ ಮುಖ ಮಾಡಿ ತಲೆ ಬಾಚಿಕೊಂಡಿದ್ದಳು.

"ಸರಿ, ಕಡ್ಡಿ ಬೇಡ ಅಂತಿತ್ತು, ಬಾಣ ಬಾ ಅಂತಿತ್ತು. ಎಡಕ್ಕೇ ಯಾಕೆ ಬಂದೆ?"

"ಚರಂಡಿ ಅಂಚಿಗೆ ಪೊರಕೆ ತಾಗಿರ್ಲಿಲ್ಲ. ಅಲ್ಲಿ ನಿಮ್ಮ ಕೋಲಿನ ತೂತಿತ್ತು. ಮೂರು ಹೆಜ್ಜೆಗೊಂದು. ಬೇಕರಿ ಕಡೆ ಎರಡೇ ಇತ್ತು, ಹೋಗಿ ವಾಪಸ್ ಬಂದಿದ್ದು. ಎಡಕ್ಕೆ ಹೋಗ್ತಾನೇ ಇತ್ತು." ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. "ಆದ್ರೆ ಮೇಡಂ, ಮೊದ್ಲೆರಡು ಬಾಣ ಅಮ್ಮನದನ್ನೇ ನೋಡ್ಕೊಂಡು ಬಂದಿದ್ದು. ಒಬ್ಬಳೇ ಬಂದೆ ಅಂತ ಹೇಳೋಕಾಗಲ್ಲ."

"ತಪ್ಪು ನಂದು ಮೇಡಂ." ತಾಯಿ ಒಳಗೆ ಬಂದಳು. "ಹೋದ ವಾರ, ಅದರ ಹಿಂದಿನ ವಾರ, ನಿಮ್ಮ ಕಲ್ಲೆಲ್ಲ ಗುಡಿಸಿ ಹಾಕಿದ್ದು ನಾನೇ. ಕಸ ಅಂದ್ಕೊಂಡೆ. ನಮ್ಮ ಹುಡುಗಿ ಸುಳ್ಳು ಹೇಳಿಲ್ಲ. ಇವತ್ತೂ ಗುಡಿಸಿದ್ದೆ, ಆಮೇಲೆ ಗೊತ್ತಾಗಿ ವಾಪಸ್ ಇಟ್ಟೆ."

ಸೀಟಿ ಮೇಡಂ ಕೋಲೂರಿ ಎದ್ದು ನಿಂತಳು. ಆಮೇಲೆ ಹುಡುಗಿಯನ್ನು ನೋಡಿ, "ಆವತ್ತು ನೀನು ಹೇಳಿದಾಗ್ಲೇ ಎದ್ದು ಬಂದು ನೋಡ್ಬೇಕಿತ್ತು ನಾನು. ಕುರ್ಚಿ ಬಿಟ್ಟು ಏಳ್ಲಿಲ್ಲ. ತಪ್ಪಾಯ್ತು," ಎಂದಳು. ತಾಯಿಯ ಕಡೆಗೆ ತಿರುಗಿದಳು. "ಆದರೆ ಯಾರ ಸಹಾಯವೂ ಇಲ್ದೆ ಬರ್ಬೇಕು ಅನ್ನೋ ನಿಯಮ ನಾನೊಬ್ಬಳೇ ಮುರಿಯೋ ಹಾಗಿಲ್ಲಮ್ಮ. ಸೇರಿಸ್ಕೋಬೇಕೋ ಬೇಡ್ವೋ ಅಂತ ದಳದ ಹುಡುಗೀರು ಕೂತು ತೀರ್ಮಾನ ಮಾಡ್ಬೇಕು. ಒಂದರ್ಧ ಗಂಟೆ ಆಗುತ್ತೆ. ಕೂತ್ಕೊಳ್ಳಿ."

"ಕೂರೋಕಾಗಲ್ಲ, ಮೇಸ್ತ್ರಿ ಬರ್ತಾರೆ." ಹೊರಟವಳು ಮೆಟ್ಟಿಲ ಹತ್ತಿರ ತಡೆದಳು. ಇಷ್ಟಾದರೂ ಕೇಳದೆ ಹೋಗಲು ಮನಸ್ಸು ಬರಲಿಲ್ಲ. "ಮೇಡಂ, ಈ ಬಳೆ ಥರ ಇದೆಯಲ್ಲ, ನಡುವೆ ಒಂದು ಕಲ್ಲು. ಇದಕ್ಕೇನರ್ಥ?"

ಸೀಟಿ ಮೇಡಂಗೆ ನಗು ಬಂತು. "ದಾರಿ ಮುಗೀತು, ನಾನು ಮನೆಗೆ ಹೋದೆ ಅಂತ. ಸೇರಿದವಳಿಗೆ ಆ ನಡುವಿನ ಕಲ್ಲು ಕೊಡ್ತೀವಿ, ಅವಳೇ ಇಟ್ಕೋಬಹುದು."

ಮಗಳು ತಾಯಿಯ ಮುಖ ನೋಡಲಿಲ್ಲ. ಆ ಕಲ್ಲನ್ನು ನೋಡುತ್ತಿದ್ದಳು.

ಐದಕ್ಕೆ ಮೇಸ್ತ್ರಿ ಸೈಕಲ್ ಇಳಿದಾಗ ಓಣಿ ಇನ್ನೂ ಅರ್ಧ ಉಳಿದಿತ್ತು. "ಏನಮ್ಮ ಪತ್ತೇದಾರಮ್ಮ, ಇದೇನು ಬೀದೀನೋ ಕೊಟ್ಟಿಗೇನೋ? ಎಲ್ಲಿ ಹೋಗಿದ್ದೆ?"

ಬಾಯಿಗೆ ಹತ್ತು ನೆಪಗಳು ಬಂದವು. ಗಾಡಿಯ ಚಕ್ರ, ಗಾಳಿ, ಬೇಕರಿಯವರ ಕಸ. ಅವಳು ಯಾವುದನ್ನೂ ಹೇಳಲಿಲ್ಲ.

"ಅಣ್ಣ, ನನ್ನ ಬಲಭುಜ ಎತ್ತೋಕಾಗ್ತಿಲ್ಲ. ಒಂದು ತಿಂಗಳಾಯ್ತು."

ಮೇಸ್ತ್ರಿ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ. "ಒಂದು ತಿಂಗಳಾ? ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ, ಹೇಳೋಕೇನಾಗಿತ್ತು?" ಎಂದು ಗದರಿದ.  "ಸೋಮವಾರ ಆಸ್ಪತ್ರೆಗೆ ಹೋಗಿ ಚೀಟಿ ತಗೊಂಡು ಬಾ. ಆಮೇಲೆ ನೋಡೋಣ. ಬೀದಿ ಎಲ್ಲಿಗೂ ಓಡಿಹೋಗಲ್ಲ." ನೋಡೋಣ ಎಂದರೆ ಏನೆಂದು ಅವನು ಬಿಡಿಸಿ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಭುಜದ ನೋವು ಹಾಗೇ ಇತ್ತು, ಆದರೆ ಅದನ್ನು ಬಚ್ಚಿಡುವ ಕೆಲಸ ಮುಗಿದಿತ್ತು.

ಗಾಡಿ ಒಪ್ಪಿಸಿ ಮನೆಯ ಸಂದಿಗೆ ಬರುವಾಗ ಬೆಳಕು ಇನ್ನೂ ಇತ್ತು. ಪೊರಕೆ ಅವಳದೇ, ಕೈಗೆ ಹೊಂದುವಂತೆ ತಾನೇ ಕಟ್ಟಿಕೊಂಡದ್ದು, ದಿನವೂ ಮನೆಗೆ ತರುತ್ತಿದ್ದಳು. ಊರೆಲ್ಲ ಗುಡಿಸಿ ಸ್ವಂತ ಬಾಗಿಲು ಬಿಟ್ಟಳು ಎಂದು ಯಾರೂ ಆಡಿಕೊಳ್ಳಬಾರದೆಂದು, ಒಳಗೆ ಹೋಗುವ ಮೊದಲು ಬಾಗಿಲ ಮುಂದೆ ಒಮ್ಮೆ ಪೊರಕೆ ಆಡಿಸುವುದು ರೂಢಿ. ಹುಡುಗಿಯರು ಏನು ತೀರ್ಮಾನ ಮಾಡಿದರೋ, ಮಗಳು ಇವತ್ತೂ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಾಳೋ ಎಂದು ಯೋಚಿಸುತ್ತ ಅಭ್ಯಾಸಬಲದಿಂದ ಪೊರಕೆ ಎತ್ತಿದಳು. ಎತ್ತಿದ ಕೈ ಅರ್ಧಕ್ಕೇ ನಿಂತಿತು.

ಹೊಸ್ತಿಲ ಮುಂದೆ ಒಂದು ಬಳೆ ಇತ್ತು. ಇಟ್ಟಿಗೆಯ ಚೂರು, ಹೆಂಚಿನ ತುಂಡು, ಟಾರು ಮೆತ್ತಿದ ಜಲ್ಲಿ, ಸಂದಿಯಲ್ಲಿ ಸಿಕ್ಕಿದ್ದನ್ನೆಲ್ಲ ತಂದು ದುಂಡಗೆ ಜೋಡಿಸಿದ್ದರು. ಅದರ ನಡುವೆ ಒಂದು ನುಣ್ಣನೆಯ ಬಿಳಿ ಕಲ್ಲು.

ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಚೂರೂ ಕದಲದ ಹಾಗೆ ದಾಟಿಕೊಂಡು ಒಳಗೆ ಹೋದಳು.