ಅತ್ತಿಗೆ ಹಾಕಿದ ಟಿಕ್ಕು

ಮನೆಯವರೆಲ್ಲ ಅವನನ್ನು ಅವಸರಪ್ಪ ಎಂದೇ ಕರೆಯುತ್ತಿದ್ದರು. ಅಣ್ಣನ ಕಸೂತಿ ಕಾರ್ಖಾನೆಯ ಮೂರು ಯಂತ್ರಗಳಿಗೆ ದಾರ ಏರಿಸುವುದು, ಮುರಿದ ಸೂಜಿ ಬದಲಿಸುವುದು, ಗಿರಾಕಿಗಳಿಗೆ ಉತ್ತರ ಹೇಳುವುದು ಅವನ ಕೆಲಸ. ಶಾಲೆಯ ಬ್ಯಾಡ್ಜಾಗಲಿ, ಹೋಟೆಲಿನವರ ಅಂಗಿಯ ಮೇಲಿನ ಹೆಸರಾಗಲಿ, ಮೊದಲು ಅತ್ತಿಗೆ ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆ ಕೂರಿಸಿ ಡಿಸೈನು ಮಾಡಬೇಕು. ಆಮೇಲೆಯೇ ಸೂಜಿ ಅಲುಗಾಡುವುದು. ಹದಿನೈದು ವರ್ಷ ಕೈಕಸೂತಿ ಹಾಕಿದ ಅತ್ತಿಗೆ ನಲವತ್ತು ದಾಟಿದ ಮೇಲೆ ಮೌಸ್ ಹಿಡಿದವಳು. ಈಗ ಅವಳ ಡಿಸೈನುಗಳೇ ನಾನೂರು ಚಿಲ್ಲರೆ ಇದ್ದವು.

ಒಂದು ಸೋಮವಾರ ಅತ್ತಿಗೆ ಬರುವ ಮುಂಚೆಯೇ ಅವನು ಕಂಪ್ಯೂಟರಿನ ಮುಂದೆ ಕೂತ. ಗಿರಾಕಿ ಕಳಿಸಿದ ಬ್ಯಾಡ್ಜಿನ ಫೋಟೋ ನೋಡಲೆಂದು ಹೊಸ ಪ್ರೋಗ್ರಾಮೊಂದನ್ನು ಹಾಕಿಕೊಂಡ. ಆಮೇಲೆ ಹಳೆಯ ಡಿಸೈನೊಂದನ್ನು ಒತ್ತಿದರೆ ಪುಟ್ಟ ಚೌಕ ಎದ್ದು, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕೇಳಿತು. ಮೇಲೆಯೇ ಹೊಸದರ ಹೆಸರಿತ್ತು. ‘ಯಾವಾಗಲೂ ಇದರಲ್ಲೇ’ ಎಂಬಲ್ಲಿಯೂ ಟಿಕ್ ಹಾಕಿ, ಓದುವ ಗೋಜಿಗೂ ಹೋಗದೆ ಸರಿ ಎಂದುಬಿಟ್ಟ.

ಪರದೆ ಕಪ್ಪಾಯಿತು. ‘ಈ ಚಿತ್ರ ತೆರೆಯಲಾಗದು.’ ಇನ್ನೊಂದು ಒತ್ತಿದ, ಅದೂ ಹಾಗೇ. ನಾನೂರು ಡಿಸೈನುಗಳೂ ಹೆಸರಿನ ಪಕ್ಕದ ಗುರುತು ಬದಲಿಸಿಕೊಂಡು ಕೂತಿದ್ದವು.

ಅಷ್ಟರಲ್ಲಿ ಅಣ್ಣ ಬಂದ. ಡಿಸೈನುಗಳು ತೆರೆಯುತ್ತಿಲ್ಲ ಎಂದಷ್ಟೇ ತಮ್ಮ ಹೇಳಿದ. ಅಣ್ಣ ರಿಪೇರಿಯವನಿಗೆ ಫೋನು ಹಚ್ಚಿದರೆ, ಅವನು ಆ ಕಡೆಯಿಂದಲೇ, “ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕಾಗತ್ತೆ ಸಾರ್. ಡಿಸೈನು ಉಳಿಯತ್ತೆ ಅಂತ ಮಾತು ಕೊಡಲ್ಲ” ಎಂದ.

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಾಗ ಅತ್ತಿಗೆ ಒಳಗೆ ಬಂದಳು. ಪೂರ್ತಿ ಕೇಳಿಸಿಕೊಂಡು, “ತಾಳ್ರೀ, ಹೆಣ ನೋಡದೇ ಅಳಬಾರ್ದು” ಎಂದು ಕುರ್ಚಿ ಎಳೆದುಕೊಂಡಳು. ಫೈಲನ್ನು ಒತ್ತಲಿಲ್ಲ. ಮೊದಲು ಕಸೂತಿಯ ಪ್ರೋಗ್ರಾಮನ್ನೇ ತೆರೆದು, ಅದರೊಳಗಿಂದ ಡಿಸೈನನ್ನು ಕರೆದಳು. ಹಳೆಯ ಬ್ಯಾಡ್ಜೊಂದರ ಸಿಂಹ ಒಂದು ಎಳೆಯೂ ಕದಲದೆ ಬಂದು ನಿಂತಿತು.

“ನೋಡಿ, ಡಿಸೈನಿಗೆ ಏನೂ ಆಗಿಲ್ಲ. ಬೇರೆಯವರ ಮನೆಗೆ ಹೋಗಿ ಬಾಗಿಲು ತಟ್ತಾ ಇದೆ, ಅಷ್ಟೇ. ಹೆಸರಿನ ಕೊನೇಲಿ ಮೂರು ಅಕ್ಷರ ಇದಾವಲ್ಲ, ಕಂಪ್ಯೂಟರ್ ನೋಡೋದು ಅದನ್ನೇ. ಆ ಬಾಲ ಇರೋದೆಲ್ಲಾ ಇಂಥಾ ಪ್ರೋಗ್ರಾಮಿಗೆ ಅಂತ ಬರ್ಕೊಂಡಿರತ್ತೆ.”

“ಹಂಗಾದ್ರೆ ಒಂದಕ್ಕೆ ಟಿಕ್ ಹಾಕಿದ್ರೆ ಎಲ್ಲಾ ಹೋಗ್ಬಿಡ್ತಾವಾ ಅತ್ತಿಗೆ?” ಎಂದ ಅವನು.

ಅತ್ತಿಗೆ ಅವನತ್ತ ಒಂದು ಗಳಿಗೆ ನೋಡಿದಳು. “ಹೋಗ್ತಾವೆ. ಒಂದಕ್ಕೆ ಹಾಕಿದ್ರೆ ಎಲ್ಲಾ ವಾಪಸ್ಸೂ ಬರ್ತಾವೆ.”

ಡಿಸೈನಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಳು. ಪಟ್ಟಿಯಲ್ಲಿ ಕಸೂತಿಯ ಪ್ರೋಗ್ರಾಮಿನ ಹೆಸರು ಹುಡುಕಿ, ‘ಯಾವಾಗಲೂ’ ಎಂಬುದನ್ನು ಬಾಯಿಬಿಟ್ಟು ಓದಿ ಟಿಕ್ ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನಾನೂರಕ್ಕೂ ಹಳೆಯ ಗುರುತು ಮರಳಿತು.

“ಯಾರಪ್ಪಾ ಮಾಡಿದ್ದು ಇದನ್ನ?” ಎಂದು ಅಣ್ಣ ಗುಡುಗಿದ.

“ಹೊಸ ಪ್ರೋಗ್ರಾಮ್ ಬಂದಾಗ ಹಂಗೆ ಕೇಳತ್ತೆ ರೀ, ಯಾರ ಕೈಲಾದ್ರೂ ಆಗೋದೇ. ಮೊದ್ಲು ರಿಪೇರಿಯವನಿಗೆ ಬರ್ಬೇಡ ಅನ್ನಿ.”

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಅತ್ತಿಗೆ, ಅದು ನಾನೇ ಮಾಡಿದ್ದು.”

“ಗೊತ್ತು. ಟಿಕ್ಕಿನ ಮಾತು ನಾನೆತ್ತೋಕೆ ಮುಂಚೆ ನೀನೇ ಎತ್ತಿದ್ಯಲ್ಲ.”

“ಮತ್ತೆ ಅಣ್ಣಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ಮೇಲೆ ನೀನು ಕಂಪ್ಯೂಟರಿನ ಹತ್ರಾನೂ ಸುಳೀತಿರ್ಲಿಲ್ಲ. ನಂಗೆ ಕಣ್ಣು ಮಂಜಾಗ್ತಿದೆ ಕಣೋ, ಮುಟ್ಟೋ ಧೈರ್ಯ ಇರೋ ಒಬ್ರು ಬೇಕು. ಓದಿ ಮುಟ್ಟೋದನ್ನ ನಾನು ಕಲಿಸ್ತೀನಿ.”

ಸಂಜೆ ಅವನೇ ಅಣ್ಣನ ಮುಂದೆ ನಿಂತು ತಪ್ಪೊಪ್ಪಿಕೊಂಡ. ಬೈಗುಳ ನಾಲ್ಕು ಮಾತಿಗೆ ಮುಗಿಯಿತು. ಮರುದಿನದಿಂದ ದಿನಕ್ಕೊಂದು ಗಂಟೆ ಅತ್ತಿಗೆಯ ಪಕ್ಕದಲ್ಲಿ ಕೂತ. ಎಳೆ ಯಾವ ದಿಕ್ಕಿಗೆ ಓಡಬೇಕು, ಬಟ್ಟೆ ಎಲ್ಲಿ ಸುಕ್ಕಾಗುತ್ತದೆ ಎಂಬುದನ್ನೆಲ್ಲ ಅವಳು ಪರದೆಯ ಮೇಲೆಯೇ ಬೆರಳಿಟ್ಟು ಹೇಳುತ್ತಿದ್ದರೆ, ಇಷ್ಟು ವರ್ಷ ಇದೇ ಸೂರಿನಡಿ ಇದ್ದೂ ಇವಳ ವಿದ್ಯೆ ತನಗೆ ಕಾಣಲಿಲ್ಲವಲ್ಲ ಎನಿಸುತ್ತಿತ್ತು.

ಎರಡು ತಿಂಗಳಿಗೆ, ಈಜು ಕಲಿಸುವವರ ಅಂಗಿಗೆಂದು ಅವನೊಬ್ಬನೇ ಕೂರಿಸಿದ ಮೀನಿನ ಡಿಸೈನು ಯಂತ್ರಕ್ಕೇರಿತು. ಅತ್ತಿಗೆ ಬಟ್ಟೆ ಮಗುಚಿ ಹಿಂಬದಿಯ ಎಳೆಗಳನ್ನು ಸವರಿ ನೋಡಿದಳು.

“ಬಾಲದ ಹತ್ರ ಸ್ವಲ್ಪ ಬಿಗಿಯಾಗಿದೆ. ಸಡಿಲ ಮಾಡು. ಆಮೇಲೆ ಮೂವತ್ತು ಅಂಗಿಗೂ ಇದನ್ನೇ ಹಾಕೋಣ.”