ಕೆನ್ನೆಯ ಕೆಂಪು

ಮಗಳು ಚಿಕ್ಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಣ್ಣದಕ್ಕ ಕೂದಲು ಬಾಚುತ್ತಿದ್ದಳು. ಆ ತಲೆಗೆ ಎರಡು ತೊಡೆಯೂ ಬೇಕಿತ್ತು. ಹುಟ್ಟಿದಾಗಿನಿಂದಲೂ ಮೈಯನ್ನು ಹಿಂದೆ ಹಾಕಿ ಬೆಳೆದ ತಲೆ. ನಿನ್ನೆ ಫಿಟ್ಸ್ ಬಂದು, ನಿಲ್ಲದೆ, ಎಲ್ಲ ಮುಗಿದಿತ್ತು.

ಗಂಡನ ಅಕ್ಕ ಒಳಬಂದು ಬಗ್ಗಿ ನೋಡಿದಳು. ಎಡಗೆನ್ನೆಯಿಂದ ತುಟಿಯವರೆಗೆ ಹರಡಿದ್ದ ಕೆಂಪು ಮಚ್ಚೆ, ರಕ್ತದ ಓಟ ನಿಂತ ಮೇಲೆ ಮಾಸಿಹೋಗಿತ್ತು.

"ಎಷ್ಟು ಲಕ್ಷಣವಾಗಿ ಕಾಣ್ತಾಳೆ ನೋಡೇ ಈಗ," ಎಂದು ಕಣ್ಣೊರೆಸಿಕೊಂಡಳು. "ಒಂದು ಮುತ್ತು ಕೊಟ್ಟು ಕಳಿಸ್ತೀನಿ, ನನ್ನ ತಮ್ಮನ ಕೂಸು."

"ಸ್ವಲ್ಪ ತಾಳಿ ಅತ್ತಿಗೆ."

*

ಚಿಕ್ಕಿ ಹುಟ್ಟಿದಾಗ, ಬಲು ಅಪರೂಪದ ಕಾಯಿಲೆ ಎಂದಿದ್ದರು ಡಾಕ್ಟರು. ಬಸಿರಲ್ಲೇ ಮಿದುಳೂ ಚರ್ಮದ ರಕ್ತನಾಳಗಳೂ ಅಳತೆ ಮೀರಿ ಬೆಳೆದಿವೆ. ಯಾರ ತಪ್ಪೂ ಅಲ್ಲ, ಅಂಟುವುದೂ ಇಲ್ಲ.

"ಅವರಿಗೇನು, ಹೇಳ್ತಾರೆ. ನನ್ನ ಮನೇಲಿ ಮದುವೆಗೆ ಬಂದ ಮಗಳಿದ್ದಾಳೆ," ಎಂದು ಅತ್ತಿಗೆ ಕೂಸನ್ನು ಎತ್ತಿಕೊಳ್ಳದೆ ಕೈ ಹಿಂದೆ ಕಟ್ಟಿದ್ದಳು.

ಚಿಕ್ಕಿ ತಡವಾಗಿ ಕೂತಳು, ತಡವಾಗಿ ನಡೆದಳು, ಹತ್ತಾರು ಮಾತು ಕಲಿತಳು. ಅವ್ವ ಬಣ್ಣದ ಕಡಾಯಿಯಿಂದ ತೆಗೆದ ನೂಲನ್ನು ಹಗ್ಗಕ್ಕೆ ಹರವುವುದು ಅವಳ ಕೆಲಸ. ಕೆಂಪು ನೂಲನ್ನು ಮಾತ್ರ ಕೆನ್ನೆಗೆ ಹಿಡಿದು, "ಇದು ನಂದು," ಎಂದು ನಗುತ್ತಿದ್ದಳು.

ಅತ್ತೆ ಬಂದಾಗಲೆಲ್ಲ ಓಡಿಹೋಗಿ ಅದೇ ಕೆನ್ನೆ ಚಾಚುವಳು. "ಅತ್ತೆ, ಮುತ್ತು."

"ಮುಖ ತೊಳ್ಕೊಂಡು ಬಾ, ಹೋಗು."

ಚಿಕ್ಕಿ ಹೋಗಿ ಸೋಪು ಹಚ್ಚಿ, ಚರ್ಮ ಉರಿಯುವ ತನಕ ತಿಕ್ಕಿ, ಮತ್ತೆ ಬರುವಳು. ಅಷ್ಟರಲ್ಲಿ ಅತ್ತೆ ಹೊರಟುಹೋಗಿರುತ್ತಿದ್ದಳು.

*

ಬಣ್ಣದಕ್ಕ ಹಿತ್ತಲಿಂದ ಕೆಂಪು ಬಣ್ಣ ಕದಡಿದ ಬಟ್ಟಲು ತಂದಳು. ಹೆಬ್ಬೆರಳು ಅದ್ದಿ, ಕಣ್ಣಂಚಿನಿಂದ ತುಟಿಯ ತನಕ ಮಚ್ಚೆಯ ಗಡಿ ತಪ್ಪದೆ ಬಳಿದಳು.

"ಏನಮ್ಮಾ ಮಾಡ್ತಿದ್ದೀಯ?" ಎಂದಳು ನೆರೆಮನೆಯ ನೂಲು ಸುತ್ತುವ ಮುದುಕಿ.

"ನನ್ನ ಮಗಳನ್ನ ನನ್ನ ಮಗಳ ಥರಾನೇ ಕಳಿಸ್ತಿದ್ದೀನಿ." ಅತ್ತಿಗೆಯ ಕಡೆ ತಿರುಗಿದಳು. "ಈಗ ಕೊಡಿ. ಇಲ್ಲಿ."

"ಇನ್ನೂ ಹಸಿ ಇದೆಯಲ್ಲೇ ಅದು."

"ಇರಲಿ. ಇವರು ಮುತ್ತು ಕೊಡೋ ತನಕ ಯಾರೂ ನನ್ನ ಮಗಳನ್ನ ಎತ್ತೋ ಹಾಗಿಲ್ಲ."

"ಜನ ನೋಡ್ತಿದ್ದಾರೆ ಕಣೇ," ಎಂದ ಗಂಡ.

"ನೋಡ್ಲಿ ಅಂತಾನೇ."

ಹೆಣ ಹೊರಲು ಬಂದವರು ಗೋಡೆಗೊರಗಿ ನಿಂತರು. ಅತ್ತಿಗೆ ತಮ್ಮನನ್ನು ನೋಡಿದಳು. ತಮ್ಮ ನೆಲ ನೋಡಿದ. ಕೊನೆಗೆ ಅವಳು ಮಂಡಿಯೂರಿ ಆ ಕೆನ್ನೆಗೆ ತುಟಿ ತಾಗಿಸಿದಳು. ತಲೆ ಎತ್ತಲು ಹೋದಾಗ ಬಣ್ಣದಕ್ಕನ ಅಂಗೈ ಅವಳ ಕತ್ತಿನ ಹಿಂದೆ ಕೂತಿತ್ತು. ಆ ಕೈ ಒಂದು ಗಳಿಗೆ ಕದಲಲಿಲ್ಲ.

ಹೆಣ ಬೀದಿಗಿಳಿಯಿತು. ಕಿಟಕಿ, ಜಗಲಿಗಳಲ್ಲಿ ನಿಂತ ಜನ ಚಿಕ್ಕಿಯನ್ನು ಬಿಟ್ಟು ಅತ್ತಿಗೆಯನ್ನು ನೋಡುತ್ತಿದ್ದರು. ಅವಳ ತುಟಿಯಿಂದ ಮೂಗಿನ ತುದಿಯವರೆಗೆ ಕೆಂಪು. ಕರವಸ್ತ್ರದಿಂದ ಒರೆಸಿದಷ್ಟೂ ಅದು ಕೆನ್ನೆಗೆ ಹಬ್ಬುತ್ತಿತ್ತು.