ಕೋತಿಯ ಕೆನ್ನೆ

ಹಾಳೆಗಳ ಕಟ್ಟಿಗೆ ದಾರ ಬಿಗಿದು, ಅದನ್ನು ಅಪ್ಪನ ತಣ್ಣಗಿನ ತೋಳಿನ ಪಕ್ಕ ಇಡಲು ಮಗಳು ಬಗ್ಗಿದ್ದಳು.

“ಯೋಚ್ನೆ ಮಾಡೇ. ಅಣ್ಣನ ಅಕ್ಷರ, ಹೋದ್ರೆ ಮತ್ತೆ ಸಿಗಲ್ಲ,” ಎಂದಳು ಅತ್ತೆ.

“ಇದ್ದು ಯಾರನ್ನ ಉದ್ಧಾರ ಮಾಡ್ತು ಅತ್ತೆ? ಅಪ್ಪನ ಜೊತೆಗೇ ಹೋಗ್ಲಿ ಬಿಡು.”

ಹಜಾರದಲ್ಲಿ ನೀರು ಸರಬರಾಜು ಕಚೇರಿಯ ಸಾಹೇಬರು ಕುರ್ಚಿ ತುಂಬ ಕೂತಿದ್ದರು. ಅದೇ ಕಚೇರಿಯಲ್ಲಿ ಅಪ್ಪ ಮೂವತ್ತು ವರ್ಷ ಟೈಪು ಕುಟ್ಟಿದವರು. “ಎಂಥಾ ಕತೆ ಬರೆದಿದ್ರು ರೀ! ಅದ್ರಲ್ಲಿ ಆನೆ ಬರುತ್ತಲ್ಲ, ಅದು ನಾನೇ. ಅವರು ಬಾಯ್ಬಿಟ್ಟು ಹೇಳ್ಲಿಲ್ಲ, ನಾನೇ ಕಂಡುಹಿಡಿದೆ.”

“ನಾನು ಜಿಂಕೆ ಸಾರ್,” ಎಂದರು ಪಕ್ಕದ ಗುಮಾಸ್ತರು.

ಮಗಳಿಗೆ ಮೈ ಉರಿಯಿತು.

*

ಅಪ್ಪ ಆ ಕತೆ ಬರೆದಾಗ ಅವಳಿನ್ನೂ ಹೈಸ್ಕೂಲು. ಕಾಡಿಗೆಲ್ಲ ಒಂದೇ ಕೆರೆ, ಕೆರೆಗೊಂದು ಕೋತಿ ಕಾವಲು. ನೀರಿಗೆ ಬಂದ ಆನೆ, ಜಿಂಕೆ, ನವಿಲು ಎಲ್ಲವೂ ಅದರ ಬಾಯಿಗೊಂದು ಹಣ್ಣು ಹಾಕಬೇಕು.

“ನೇರವಾಗಿ ಲಂಚ ಅಂತ ಬರಿಯಪ್ಪಾ. ಯಾರಿಗೆ ಅರ್ಥ ಆಗುತ್ತೆ ಇದು?”

“ಹಾಗೆ ಬರೆದ್ರೆ ಓದೋನು ಪಕ್ಕದ ಮನೆಯವನ್ನ ನೋಡ್ತಾನೆ ಕಣಮ್ಮ. ನಾನು ಪ್ಯಾರಾಗೊಂದ್ಸಲ ಕೋತಿ ಕೆನ್ನೆ ಒಂದಿಷ್ಟು ಊದಿಸ್ತೀನಿ, ಅಷ್ಟೆ. ಓದೋನ ಕೈ ತಾನಾಗೇ ಅವನ ಕೆನ್ನೆಗೆ ಹೋಗ್ಬೇಕು.”

ಕೊನೆಗೆ ಗುಬ್ಬಿಮರಿಯೊಂದು ಬಂದು “ನಿನ್ನ ಹೆಸರೇನಣ್ಣ?” ಎಂದು ಕೇಳುತ್ತದೆ. ಕೆನ್ನೆ ತುಂಬ ಹಣ್ಣು, ಕೋತಿಗೆ ಹೆಸರು ಹೇಳಲಾಗುವುದಿಲ್ಲ. ಕತೆ ಅಲ್ಲಿಗೆ ನಿಂತಿತ್ತು. ಕೆಳಗೆ ಅರ್ಧ ಪುಟ ಖಾಲಿ.

ಕಚೇರಿಯ ವಾರ್ಷಿಕ ಸಂಚಿಕೆಯಲ್ಲಿ ಅದು ಅಚ್ಚಾದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದರು.

“ಕಚೇರಿ ತುಂಬ ಆನೆ, ಜಿಂಕೆ, ನವಿಲು ಕಣಮ್ಮ. ಹುಡುಕಿದ್ರೂ ಒಂದು ಕೋತಿ ಇಲ್ಲ!”

ನಕ್ಕರೇನೋ ನಕ್ಕರು. ಆಮೇಲೆ ಬರೆದದ್ದನ್ನೆಲ್ಲ ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕಿದರು.

*

ಮಗಳು ಕಟ್ಟನ್ನು ಅಪ್ಪನ ತೋಳಿನ ಪಕ್ಕ ಇಟ್ಟೇಬಿಟ್ಟಳು.

“ಸ್ವಲ್ಪ ತಡೀರಮ್ಮ.”

ಬಾಗಿಲಲ್ಲಿ ನೀರಿನವನು ನಿಂತಿದ್ದ. ಬೀದಿ ಬೀದಿಗೆ ನೀರು ಬಿಡುವ ಆಸಾಮಿ. ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೇ ಇತ್ತು.

“ಅದ್ರಲ್ಲಿ ಕೋತಿ ಕತೆನೂ ಇದೆಯಾ?”

“ಇದೆ. ಯಾಕೆ, ನೀವು ಯಾವ ಪ್ರಾಣಿ?” ಅವಳ ಮಾತು ಚುರುಕಾಗಿಯೇ ಬಂತು.

“ಕೋತಿ.”

ಹಜಾರದಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

“ಕೈ ಬೆಚ್ಚಗೆ ಮಾಡಿದ ಬೀದಿಗೆ ಪೂರ್ತಿ ತಿರುವು, ಮಾಡದ ಬೀದಿಗೆ ಅರ್ಧ. ಹಂಗಿದ್ದೆ ನಾನು. ಒಂದಿನ ಈ ಕತೆನ ನನ್ನ ಮಗಳಿಗೆ ಓದಿ ಹೇಳ್ದೆ. ‘ಅಪ್ಪಾ, ಉಗಿದ್ಬಿಟ್ರೆ ಹೆಸರು ಹೇಳ್ಬಹುದಲ್ವಾ?’ ಅಂದ್ಲು. ಅವತ್ತು ಊಟ ಸೇರ್ಲಿಲ್ಲ. ಮಾರನೇ ದಿನದಿಂದ ಎಲ್ಲಾ ಬೀದಿಗೂ ಪೂರ್ತಿ ತಿರುವು. ನಿಮ್ಮಪ್ಪಂಗೆ ಹೇಳ್ಬೇಕು ಹೇಳ್ಬೇಕು ಅಂತ ಗೇಟ್‌ವರೆಗೂ ಬರ್ತಿದ್ದೆ. ನಾಚ್ಕೆ. ವಾಪಸ್ ಹೋಗ್ತಿದ್ದೆ.”

“ಅಯ್ಯೋ! ನಮ್ಮ ಮಹಡಿ ನಲ್ಲಿಗೂ ನೀರು ಹತ್ತಿದ್ದು ಅದಕ್ಕಾ? ಹೊಸ ಪೈಪು ಹಾಕಿದ್ರು ಅಂದ್ಕೊಂಡಿದ್ದೆ,” ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಮಗಳು ಕಟ್ಟನ್ನು ಅಪ್ಪನ ಪಕ್ಕದಿಂದ ಎತ್ತಿಕೊಂಡಳು. ದಾರ ಬಿಚ್ಚಿ ಆ ಅರ್ಧ ಖಾಲಿ ಪುಟ ಹುಡುಕಿದಳು. ಅಪ್ಪನ ಪೆನ್ನಿನ ಮುಚ್ಚಳ ತೆಗೆದಳು.

“ಇಷ್ಟು ವರ್ಷ ಬರೀ ನೀರಿನವನು ಅಂತಲೇ ಕರೆದ್ವಿ. ನಿಮ್ಮ ಹೆಸರೇನಣ್ಣ?”

ಅವನು ಕೀಲಿಯನ್ನು ಗೋಡೆಗೊರಗಿಸಿದ. ಮಲಗಿದ್ದ ಟೈಪಿಸ್ಟರ ಕಡೆ ತಿರುಗಿ ನೆಟ್ಟಗೆ ನಿಂತು, ಎದುರು ಮನೆಗೂ ಕೇಳುವಂತೆ ತನ್ನ ಹೆಸರು ಹೇಳಿದ.

ಕುರ್ಚಿಯಲ್ಲಿ ಸಾಹೇಬರ ಬಲಗೈ ಮೆಲ್ಲಗೆ ಮೇಲೆದ್ದು, ಕೆನ್ನೆ ಮುಟ್ಟಿ ನೋಡುತ್ತಿತ್ತು.